ಎಂಬತ್ತು ಇಮೇಲ್, ಎರಡು ಉತ್ತರ: ಪೋಸ್ಟ್‌ಡಾಕ್ ಹುದ್ದೆಯನ್ನು ಹುಡುಕುವುದು ಹೇಗೆ?

ಪ್ರಶ್ನೆ: ಎಂ.ಟೆಕ್. ನಂತರ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ ಸಂಶೋಧನಾ ಕೇಂದ್ರದಲ್ಲಿ ಐದು ವರ್ಷ ಕೆಲಸ ಮಾಡಿ, ಮೂರು ತಿಂಗಳ ಹಿಂದೆ ವಿಟಿಯುಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸಿದ್ದೇನೆ. ತ್ರೀಡಿ ಪ್ರಿಂಟಿಂಗ್‌ನಿಂದ ತಯಾರಾದ ಟೈಟಾನಿಯಂ ಮಿಶ್ರಲೋಹದ ಫೆಟೀಗ್ (ಮತ್ತೆ ಮತ್ತೆ ಬೀಳುವ ಭಾರದಿಂದ ಲೋಹ ದಣಿದು ಬಿರುಕು ಬಿಡುವುದು) ನನ್ನ ವಿಷಯ. ಮೂರು ಪೇಪರ್ ಪ್ರಕಟವಾಗಿವೆ. ಪೋಸ್ಟ್‌ಡಾಕ್‌ಗಾಗಿ, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆಗಾಗಿ, ಇಲ್ಲಿನ ಮತ್ತು ಹೊರದೇಶದ ಸುಮಾರು ಎಂಬತ್ತು ಪ್ರಾಧ್ಯಾಪಕರಿಗೆ ಇಮೇಲ್ ಮಾಡಿದೆ. ಉತ್ತರ ಬಂದದ್ದು ಇಬ್ಬರಿಂದ, ಇಬ್ಬರದೂ ‘ಸದ್ಯಕ್ಕೆ ಹುದ್ದೆ ಇಲ್ಲ’ ಎಂದೇ. ವಿಟಿಯು ಪದವಿ ಎಂಬ ಕಾರಣಕ್ಕೆ ಹೀಗಾಗುತ್ತಿದೆಯೇ? ಇಂಥ ಹುದ್ದೆಗಳ ಪ್ರಕಟಣೆ ಎಲ್ಲಿ ಬರುತ್ತದೆ? ನನಗೆ 33 ವರ್ಷ, ನಾಲ್ಕು ವರ್ಷದ ಮಗನಿದ್ದಾನೆ, ಪತಿಯ ಕೆಲಸ ಇಲ್ಲೇ ಇದೆ. ಬೆಂಗಳೂರಿನಲ್ಲೇ ಹುಡುಕಲೇ, ಹೊರಗೆ ಹೋಗುವ ಪ್ರಯತ್ನ ಮಾಡಲೇ? (ಓದುಗರು, ಯಲಹಂಕ)

ಉತ್ತರ: ಪ್ರಶ್ನೆಯ ಜೊತೆಗೆ ಆ ಎಂಬತ್ತು ಮಂದಿಗೆ ಕಳುಹಿಸಿದ ಇಮೇಲ್‌ನ ಪ್ರತಿಯನ್ನೂ ನಿಮ್ಮ ಮೂರು ಪೇಪರ್‌ಗಳನ್ನೂ ಲಗತ್ತಿಸಿದ್ದು ಒಳ್ಳೆಯದಾಯಿತು. ಪೇಪರ್‌ಗಳನ್ನು ಓದಿದ ಮೇಲೆ ಇಮೇಲ್ ಓದಿದಾಗ ಎರಡನ್ನೂ ಬರೆದವರು ಒಬ್ಬರೇ ಎಂದು ನಂಬುವುದು ಕಷ್ಟವಾಯಿತು. ಎರಡನೆಯ ಪೇಪರ್‌ನಲ್ಲಿ, ಲೋಹದೊಳಗಿನ ರಂಧ್ರಗಳ ಒಟ್ಟು ಪ್ರಮಾಣಕ್ಕಿಂತ ಮೇಲ್ಮೈಗೆ ಅತಿ ಸಮೀಪದಲ್ಲಿರುವ ಒಂದೆರಡು ರಂಧ್ರಗಳೇ ಬಿರುಕಿಗೆ ಮೂಲವಾಗುವುದನ್ನು ನೀವು ಎಷ್ಟು ತಾಳ್ಮೆಯಿಂದ ತೋರಿಸಿದ್ದೀರಿ! ಇಮೇಲ್‌ನಲ್ಲಾದರೋ ‘ತಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ಅವಕಾಶ ಕಲ್ಪಿಸಿಕೊಡಬೇಕು’ ಎಂಬ ನಾಲ್ಕು ಸಾಲಿನ ವಿನಂತಿ ಮತ್ತು ಒಂಬತ್ತು ಪುಟಗಳ ಬಯೋಡೇಟಾ ಇವೆ. ಆ ರಂಧ್ರಗಳ ಸುದ್ದಿಯೇ ಇಲ್ಲ. ಇಂಥ ಪತ್ರಗಳು ನನಗೂ ವಾರವಾರ ಬರುತ್ತವೆ. ಅವುಗಳಿಗೆ ಉತ್ತರಿಸದೆ ಬಿಡುವುದು ಸರಿಯಲ್ಲವೆಂದು ಗೊತ್ತಿದ್ದರೂ, ಎಲ್ಲರಿಗೂ ಒಂದೇ ಆಗಿ ಬರೆದ ಪತ್ರಕ್ಕೆ ಯಾರೊಬ್ಬರೂ ತಾವು ಉತ್ತರಿಸಬೇಕಾದವರೆಂದು ಭಾವಿಸುವುದಿಲ್ಲ.

ಇಮೇಲ್ ತಿದ್ದುವ ಮೊದಲು ಇನ್ನೊಂದು ವಿಷಯವನ್ನು ಅರಿಯಬೇಕು. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ ಎಂಬ ಕೊರಗು ನನಗೆ ಬಹಳ ವರ್ಷಗಳಿಂದ ಇದೆ. ಪೋಸ್ಟ್‌ಡಾಕ್ ಎಂಬುದು ಉಪನ್ಯಾಸಕ ಹುದ್ದೆಯಂತೆ ಖಾಲಿಯಾಗಿ, ಪ್ರಕಟಣೆಯಾಗಿ, ತುಂಬಿಸಲ್ಪಡುವ ಹುದ್ದೆಯಲ್ಲ. ಯಾರದೋ ಹಣ ಒಂದು ನಿರ್ದಿಷ್ಟ ಅವಧಿಗೆ ಒದಗಿದಾಗ ಅದು ಹುಟ್ಟುತ್ತದೆ, ಹಣ ಮುಗಿದಾಗ ಇಲ್ಲವಾಗುತ್ತದೆ. ಆದ್ದರಿಂದ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಸಂಬಳವನ್ನು ಯಾರು ಕೊಡುತ್ತಾರೆ ಎಂಬುದು. ಯಾರಿಗೆ ಬರೆಯಬೇಕು, ಯಾವಾಗ ಬರೆಯಬೇಕು, ಏನೆಂದು ಬರೆಯಬೇಕು ಎಂಬ ಮೂರಕ್ಕೂ ಉತ್ತರ ಅದರಲ್ಲಿದೆ.

ಹಣ ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಪ್ರಾಧ್ಯಾಪಕರಿಗೆ ಮಂಜೂರಾದ ಪ್ರಾಜೆಕ್ಟ್. ನಮ್ಮಲ್ಲಿ ಇದರಡಿ ನೇಮಕವಾದವರನ್ನು ರಿಸರ್ಚ್ ಅಸೋಸಿಯೇಟ್ ಎನ್ನುತ್ತೇವೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆದೇಶದಂತೆ, 2023ರ ಜನವರಿ 1ರಿಂದ ಇದರ ಮೂರು ಹಂತಗಳಿಗೆ ತಿಂಗಳಿಗೆ 58,000, 61,000 ಮತ್ತು 67,000 ರೂಪಾಯಿ, ಅದರ ಮೇಲೆ ಮನೆ ಬಾಡಿಗೆ ಭತ್ಯೆ ನಿಗದಿಯಾಗಿದೆ. ಪ್ರಾಜೆಕ್ಟ್ ಸಾಮಾನ್ಯವಾಗಿ ಮೂರು ವರ್ಷದ್ದು. ಮಂಜೂರಾತಿ ಪತ್ರ ಕೈಗೆ ಬಂದ ದಿನದಿಂದಲೇ ಗಡಿಯಾರ ಓಡತೊಡಗುವುದರಿಂದ ಮೊದಲ ಐದಾರು ತಿಂಗಳು ಆ ಪ್ರಾಧ್ಯಾಪಕರಿಗೆ ಸರಿಯಾದ ಆಳು ಬೇಕೇ ಬೇಕಾಗಿರುತ್ತದೆ. ಅದೇ ವ್ಯಕ್ತಿಗೆ ಪ್ರಾಜೆಕ್ಟ್‌ನ ಕೊನೆಯ ವರ್ಷದಲ್ಲಿ ಬರೆದರೆ, ನಿಮ್ಮ ಪತ್ರ ಎಷ್ಟೇ ಚೆನ್ನಾಗಿದ್ದರೂ ‘ಸದ್ಯಕ್ಕೆ ಹುದ್ದೆ ಇಲ್ಲ’ ಎಂಬ ಉತ್ತರವೇ ಬರುತ್ತದೆ. ಅದು ಸತ್ಯವೂ ಹೌದು.

ಹಾಗಾದರೆ ಯಾರ ಪ್ರಾಜೆಕ್ಟ್ ಯಾವಾಗ ಶುರುವಾಯಿತೆಂದು ಹೊರಗಿನವರಿಗೆ ತಿಳಿಯುವುದು ಹೇಗೆ? ಹೊರದೇಶಗಳ ಮಟ್ಟಿಗೆ ಇದು ಬಹಿರಂಗ ಮಾಹಿತಿ. ಯುರೋಪಿಯನ್ ಒಕ್ಕೂಟ ಹಣ ಕೊಟ್ಟ ಪ್ರಾಜೆಕ್ಟ್‌ಗಳು ಕಾರ್ಡಿಸ್ ಎಂಬ ತಾಣದಲ್ಲಿವೆ. ಜರ್ಮನಿಯ ಸಂಶೋಧನಾ ನಿಧಿ ಸಂಸ್ಥೆ ಡಿಎಫ್‌ಜಿಯದು ಗೆಪ್ರಿಸ್, ಬ್ರಿಟನ್ನಿನದು ಗೇಟ್‌ವೇ ಟು ರಿಸರ್ಚ್, ಜಪಾನಿನದು ಕಾಕೆನ್. ಅಮೆರಿಕದಲ್ಲಿ ಇಂಜಿನಿಯರಿಂಗ್ ಮತ್ತು ಮೂಲ ವಿಜ್ಞಾನಗಳಿಗೆ ಎನ್‌ಎಸ್‌ಎಫ್‌ನ ಅವಾರ್ಡ್ ಸರ್ಚ್, ಜೀವವಿಜ್ಞಾನ ಮತ್ತು ವೈದ್ಯಕೀಯಕ್ಕೆ ಎನ್‌ಐಎಚ್ ರಿಪೋರ್ಟರ್. ನಿಮ್ಮ ವಿಷಯದ ನಾಲ್ಕು ಪದಗಳನ್ನು ಇವುಗಳಲ್ಲಿ ಹಾಕಿ ಹುಡುಕಿದರೆ ಯಾರಿಗೆ, ಯಾವ ಕೆಲಸಕ್ಕೆ, ಎಂದಿನಿಂದ ಹಣ ಸಿಕ್ಕಿದೆ ಎಂಬುದು ಉಚಿತವಾಗಿ ಸಿಗುತ್ತದೆ. ಕಳೆದ ಎಂಟು ಹತ್ತು ತಿಂಗಳಲ್ಲಿ ಆರಂಭವಾದವುಗಳನ್ನು ಆರಿಸಿಕೊಳ್ಳಿ. ಹುದ್ದೆಗಳ ಪ್ರಕಟಣೆ ನೋಡುವುದಕ್ಕೆ ಯುರೋಪಿಗೆ ಯೂರಾಕ್ಸೆಸ್, ಬ್ರಿಟನ್ನಿಗೆ ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ಎಂಬ ತಾಣಗಳಿವೆ, ನೋಡುತ್ತಲೂ ಇರಿ. ಆದರೆ ಪ್ರಕಟಣೆ ಹೊರಬೀಳುವ ಹೊತ್ತಿಗೆ ಎಷ್ಟೋ ಬಾರಿ ಆ ಪ್ರಾಧ್ಯಾಪಕರ ಮನಸ್ಸಿನಲ್ಲಿ ಒಂದೆರಡು ಹೆಸರುಗಳು ಕೂತಿರುತ್ತವೆ. ಮಂಜೂರಾತಿಯನ್ನು ನೋಡಿ ಬರೆದವರ ಹೆಸರು ಆ ಒಂದೆರಡರಲ್ಲಿ ಸೇರುವ ಸಂಭವವಿರುತ್ತದೆ.

ಎರಡನೆಯದು ಸಂಸ್ಥೆಯೇ ಕೊಡುವ ಫೆಲೋಶಿಪ್. ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಹೆಸರಿನ ಪೋಸ್ಟ್‌ಡಾಕ್ ಫೆಲೋಶಿಪ್ ಇದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ ಚಂದ್ರಶೇಖರ್ ಹೆಸರಿನದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ (ಜೀವವಿಜ್ಞಾನ ಕೇಂದ್ರ), ಹೆಸರಘಟ್ಟದ ಬಳಿಯ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನ ಕೇಂದ್ರ), ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಗಳು ಕೂಡ ಪೋಸ್ಟ್‌ಡಾಕ್‌ಗಳನ್ನು ತೆಗೆದುಕೊಳ್ಳುತ್ತವೆ. ಇಲ್ಲಿ ಆಯ್ಕೆ ಸಮಿತಿಯದಾದರೂ, ಒಳಗಿನ ಒಬ್ಬ ಪ್ರಾಧ್ಯಾಪಕರು ‘ಈ ಕೆಲಸ ನಮ್ಮಲ್ಲಿ ನಡೆಯಬೇಕು’ ಎಂದು ನಿಮ್ಮ ಪರವಾಗಿ ಮಾತನಾಡದಿದ್ದರೆ ಅರ್ಜಿ ಮುಂದೆ ಸರಿಯುವುದು ವಿರಳ.

ಮೂರನೆಯದು ನೀವೇ ಗೆದ್ದುಕೊಂಡು ಹೋಗುವ ಫೆಲೋಶಿಪ್. ನಿಮ್ಮ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು ಇದೇ. ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್, ಅಂದರೆ ಎಲ್ಲರೂ ಎನ್‌ಪಿಡಿಎಫ್ ಎನ್ನುವುದು, ಮೊದಲು ಕೇಂದ್ರದ ವಿಜ್ಞಾನ ಮತ್ತು ಇಂಜಿನಿಯರಿಂಗ್ ಸಂಶೋಧನಾ ಮಂಡಳಿಯಲ್ಲಿ, ಅಂದರೆ ಎಸ್‌ಇಆರ್‌ಬಿಯಲ್ಲಿತ್ತು. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಈಗ ಆ ಸ್ಥಾನಕ್ಕೆ ಬಂದಿದೆ. ಎಸ್‌ಇಆರ್‌ಬಿ ಇದನ್ನು ನಡೆಸುತ್ತಿದ್ದಾಗಿನ ನಿಯಮದಂತೆ ವಯೋಮಿತಿ 35, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ ಐದು ವರ್ಷ ರಿಯಾಯಿತಿ, ಅವಧಿ ಎರಡು ವರ್ಷ, ಜೀವಮಾನದಲ್ಲಿ ಒಂದೇ ಬಾರಿ. ಹೊಸ ಕರೆ ಬಂದಾಗ ಅದರ ನಿಯಮಾವಳಿಯನ್ನು ಅಕ್ಷರಶಃ ಓದಿಕೊಳ್ಳಿ. ಸಂಶೋಧನೆಯಲ್ಲಿರುವ ಮಹಿಳೆಯರಿಗೆಂದೇ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್ ಪೋಸ್ಟ್‌ಡಾಕ್ ಫೆಲೋಶಿಪ್ ಕೂಡ ಇದೆ. ನೀವು ಅದನ್ನು ನೋಡಿಲ್ಲವೆಂದು ಪತ್ರದಿಂದ ತಿಳಿಯಿತು, ಇಂದೇ ನೋಡಿ. ಯುರೋಪಿಗೆ ಮರಿ ಕ್ಯೂರಿ ಫೆಲೋಶಿಪ್, ಜರ್ಮನಿಗೆ ಹಂಬೋಲ್ಟ್, ಜಪಾನಿಗೆ ಜೆಎಸ್‌ಪಿಎಸ್. ಇವೆಲ್ಲಕ್ಕೂ ಆತಿಥೇಯ ಪ್ರಾಧ್ಯಾಪಕರ ಒಪ್ಪಿಗೆ ಮೊದಲು ಬೇಕು. ಜೆಎಸ್‌ಪಿಎಸ್‌ನ ಸಾಮಾನ್ಯ ಫೆಲೋಶಿಪ್‌ಗೆ ಅರ್ಜಿ ಹಾಕುವವರೇ ಜಪಾನಿನ ಆತಿಥೇಯರು. ‘ನಿಮ್ಮ ಬಳಿ ಹುದ್ದೆ ಇದೆಯೇ’ ಎಂದು ಕೇಳಿದರೆ ಇಲ್ಲ ಎನ್ನುವ ಪ್ರಾಧ್ಯಾಪಕರೇ ‘ಈ ಫೆಲೋಶಿಪ್‌ಗೆ ನಾವಿಬ್ಬರೂ ಸೇರಿ ಅರ್ಜಿ ಬರೆಯೋಣವೇ’ ಎಂದು ಕೇಳಿದಾಗ ಕಿವಿಗೊಡುತ್ತಾರೆ, ಏಕೆಂದರೆ ಅವರ ಪ್ರಾಜೆಕ್ಟ್ ಹಣ ಖರ್ಚಾಗುವುದಿಲ್ಲ. ನಿಮಗೆ ಬಂದ ಆ ಎರಡು ಉತ್ತರಗಳಿಗೂ ಹೀಗೆ ಮರುಪತ್ರ ಬರೆಯಿರಿ; ಉತ್ತರಿಸುವ ಸೌಜನ್ಯ ತೋರಿದವರು ಎಂಬತ್ತರಲ್ಲಿ ಅವರಿಬ್ಬರೇ.

ಈ ದಾರಿಗೆ ಕಾಲ ಬೇಕು. ಮರಿ ಕ್ಯೂರಿ ಅರ್ಜಿಯ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಫಲಿತಾಂಶ ಮುಂದಿನ ಫೆಬ್ರುವರಿಯಲ್ಲಿ. ಪ್ರಸ್ತಾವನೆಯನ್ನು ಆತಿಥೇಯರ ಜೊತೆ ಕೂತು ಬರೆಯಲು ಎರಡು ಮೂರು ತಿಂಗಳು ಬೇಕಾಗುವುದರಿಂದ ಏಪ್ರಿಲ್, ಮೇ ಹೊತ್ತಿಗೆ ಮೊದಲ ಪತ್ರ ಹೋಗಿರಬೇಕು. ಪತ್ರ ಬರೆದ ದಿನದಿಂದ ಲ್ಯಾಬ್‌ಗೆ ಕಾಲಿಡುವ ದಿನದವರೆಗೆ ಒಂದು ವರ್ಷ ಎಂದು ಲೆಕ್ಕ ಹಿಡಿಯುವುದು ಕ್ಷೇಮ. ಪ್ರಬಂಧ ಸಲ್ಲಿಸಿದ ಮೇಲೆ ಹುಡುಕಲು ಆರಂಭಿಸುವುದು ನಮ್ಮಲ್ಲಿ ವಾಡಿಕೆ. ಹಾಗೆ ಮಾಡಿದ್ದಕ್ಕೆ ನೀವು ಬೇಸರಪಡಬೇಕಾಗಿಲ್ಲ, ಆದರೆ ನಿಮ್ಮ ಗೈಡ್ ಬಳಿ ಈಗ ಮೂರನೆಯ ವರ್ಷದಲ್ಲಿರುವ ವಿದ್ಯಾರ್ಥಿಗಳಿಗೆ ಇದನ್ನು ದಯವಿಟ್ಟು ಹೇಳಿ.

ಇನ್ನು ಪತ್ರದ ಮಾತು. ಎಂಬತ್ತು ಮಂದಿಯ ಬದಲು ಹನ್ನೆರಡು ಮಂದಿಯನ್ನು ಆರಿಸಿ. ಪ್ರತಿಯೊಬ್ಬರದೂ ಇತ್ತೀಚಿನ ಎರಡು ಪೇಪರ್‌ಗಳನ್ನು ಕೊನೆಯವರೆಗೆ ಓದಿ. ಒಬ್ಬರಿಗೆ ಎರಡು ದಿನ ಹಿಡಿಯಬಹುದು, ಹಿಡಿಯಲಿ. ಆಮೇಲೆ ಪತ್ರದ ಮೊದಲ ಸಾಲಿನಲ್ಲೇ ಅವರ ಕೆಲಸ ಮತ್ತು ನಿಮ್ಮ ಕೆಲಸ ಎಲ್ಲಿ ಸಂಧಿಸುತ್ತವೆ ಎಂದು ಹೇಳಿ. ಉದಾಹರಣೆಗೆ ಹೀಗೆ: ‘ಬಿಸಿ ಒತ್ತಡದ ಸಂಸ್ಕರಣೆಯ ನಂತರವೂ ಫೆಟೀಗ್ ಆಯಸ್ಸಿನಲ್ಲಿ ಉಳಿಯುವ ಏರುಪೇರನ್ನು ನಿಮ್ಮ ಪೇಪರ್‌ನಲ್ಲಿ ತೋರಿಸಿದ್ದೀರಿ. ನನ್ನ ಮಾದರಿಗಳಲ್ಲಿ ಆ ಏರುಪೇರಿನ ಬಹುಪಾಲನ್ನು ಮೇಲ್ಮೈಯ ಹತ್ತಿರದ ರಂಧ್ರಗಳೇ ವಿವರಿಸುತ್ತವೆ. ಎಕ್ಸ್-ರೇ ಟೊಮೋಗ್ರಫಿಯಿಂದ ಆ ರಂಧ್ರಗಳನ್ನು ಮೊದಲೇ ಗುರುತಿಸಿ ಆಯಸ್ಸನ್ನು ಅಂದಾಜು ಮಾಡಬಹುದೇ ಎಂಬುದನ್ನು ನಿಮ್ಮ ಲ್ಯಾಬ್‌ನಲ್ಲಿ ಪರೀಕ್ಷಿಸಲು ಬಯಸುತ್ತೇನೆ.’ ಇಷ್ಟನ್ನು ಓದಿದವರಿಗೆ ನೀವು ಏನು ಬಲ್ಲಿರಿ, ಮುಂದೇನು ಮಾಡಬಲ್ಲಿರಿ ಎಂಬುದು ಗೊತ್ತಾಗುತ್ತದೆ. ಬಳಿಕ ಯಾವ ಹಣದ ದಾರಿ ನಿಮ್ಮ ಮನಸ್ಸಿನಲ್ಲಿದೆ ಎಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಿ. ಎರಡು ಪುಟದ ಸಿ.ವಿ., ಒಂದೇ ಒಂದು ಪೇಪರ್ ಲಗತ್ತಿಸಿ. ಶಾಲೆಯ ಅಂಕಗಳು, ತಂದೆಯ ಹೆಸರು, ಭಾಗವಹಿಸಿದ ಕಾರ್ಯಾಗಾರಗಳ ಪಟ್ಟಿ ಬೇಡ. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸುವುದರಲ್ಲಿ ತಪ್ಪಿಲ್ಲ.

ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರ ಉದಾಹರಣೆಯನ್ನು ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ ಜೀವವಿಜ್ಞಾನದತ್ತ ಹೊರಳಿದ್ದ ಅವರು, ತಾವು ಓದಿದ ಲೇಖನವೊಂದನ್ನು ನೆನಪಿಟ್ಟುಕೊಂಡು ಯೇಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಎಂಗಲ್‌ಮನ್ ಅವರಿಗೆ ಪತ್ರ ಬರೆದರು. ಅವರಲ್ಲಿ ಹುದ್ದೆ ಇರಲಿಲ್ಲ. ಆದರೆ ಆ ಪತ್ರದ ಮೂಲಕ ಅವರ ಸಹೋದ್ಯೋಗಿ ಪೀಟರ್ ಮೂರ್ ಅವರ ಲ್ಯಾಬ್‌ನಲ್ಲಿ, ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಮೇಲಿನ ಪೋಸ್ಟ್‌ಡಾಕ್ ದೊರೆಯಿತು. 2009ರಲ್ಲಿ ಅವರಿಗೆ ನೊಬೆಲ್ ಬಂದದ್ದು ಅದೇ ರೈಬೋಸೋಮ್‌ನ ರಚನೆಯ ಕೆಲಸಕ್ಕೆ. ಎಲ್ಲರಿಗೂ ಹೀಗಾಗದು, ನಿಜ. ಆದರೆ ಓದಿ ಬರೆದ ಪತ್ರವನ್ನು ಸ್ವೀಕರಿಸಿದವರು ಅದನ್ನು ಪಕ್ಕದ ಕೊಠಡಿಗಾದರೂ ದಾಟಿಸುತ್ತಾರೆ ಎಂಬುದನ್ನು ನಾನೂ ಮತ್ತೆ ಮತ್ತೆ ಕಂಡಿದ್ದೇನೆ.

ವಿಟಿಯು ಪದವಿಯ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಹೊರದೇಶದ ಹೆಚ್ಚಿನ ಪ್ರಾಧ್ಯಾಪಕರಿಗೆ ನಮ್ಮ ವಿಶ್ವವಿದ್ಯಾಲಯಗಳ ನಡುವಿನ ಮೇಲು ಕೀಳುಗಳು ತಿಳಿದಿರುವುದಿಲ್ಲ; ಅವರು ಪೇಪರ್ ಮತ್ತು ಶಿಫಾರಸು ಪತ್ರಗಳನ್ನು ನೋಡುತ್ತಾರೆ. ನಮ್ಮಲ್ಲಿನ ಕೆಲವು ಸಮಿತಿಗಳಲ್ಲಿ ಪದವಿ ಕೊಟ್ಟ ಸಂಸ್ಥೆಯ ಹೆಸರೇ ಮೊದಲು ಚರ್ಚೆಯಾಗುವುದನ್ನು ನಾನು ಕುಳಿತು ಕೇಳಿದ್ದೇನೆ, ಅದು ಅನ್ಯಾಯ ಎಂದು ಅಲ್ಲೇ ಹೇಳಿಯೂ ಇದ್ದೇನೆ. ಆ ಅನ್ಯಾಯ ನಿಮ್ಮ ಕೈಯಿಂದ ಸರಿಹೋಗುವಂಥದ್ದಲ್ಲ. ಶಿಫಾರಸು ಪತ್ರಗಳು ಮಾತ್ರ ಬಹುಮಟ್ಟಿಗೆ ನಿಮ್ಮ ಕೈಯಲ್ಲಿವೆ. ನಿಮ್ಮ ಸಿ.ವಿ.ಯಲ್ಲಿ ಹೆಸರಿಸಿದ ಮೂವರೂ ಒಂದೇ ಕಾಲೇಜಿನವರು. ಅವರಲ್ಲಿ ಒಬ್ಬರನ್ನು ಬದಲಿಸಿ. ನೀವು ಐಐಎಸ್‌ಸಿಯ ಸೂಕ್ಷ್ಮದರ್ಶಕ ಸೌಲಭ್ಯದಲ್ಲಿ ಮಾದರಿಗಳನ್ನು ಪರೀಕ್ಷಿಸಿದ್ದು ಪೇಪರ್‌ಗಳ ಕೃತಜ್ಞತೆಯ ಸಾಲುಗಳಲ್ಲಿದೆ. ಅಲ್ಲಿ ನಿಮ್ಮ ಚಿತ್ರಗಳ ಬಗ್ಗೆ ಚರ್ಚಿಸಿದ ಪ್ರಾಧ್ಯಾಪಕರಿದ್ದರೆ ಹೋಗಿ ಕೇಳಿ. ಹೊರಗಿನವರೊಬ್ಬರು ‘ಈಕೆ ನನ್ನ ವಿದ್ಯಾರ್ಥಿನಿ ಅಲ್ಲ, ಆದರೂ ಈಕೆಯ ಕೆಲಸವನ್ನು ನಾನು ಬಲ್ಲೆ’ ಎಂದು ಬರೆದ ಅರ್ಧ ಪುಟಕ್ಕೆ ಬಹಳ ತೂಕವಿದೆ. ‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎನ್ನುವ ಗೈಡ್‌ಗಳು ನಮ್ಮಲ್ಲಿ ಕಡಿಮೆಯಿಲ್ಲ. ಹಾಗಾದಾಗ ಪತ್ರ ಬರೆದುಕೊಡದೆ, ಪ್ರಯೋಗ ಕೆಟ್ಟಾಗ ನೀವು ಏನು ಮಾಡಿದಿರಿ, ಯಾವ ಯೋಚನೆ ನಿಮ್ಮದೇ ಆಗಿತ್ತು ಎಂಬ ನಾಲ್ಕೈದು ಸಂಗತಿಗಳನ್ನು ಒಂದು ಪುಟದಲ್ಲಿ ಬರೆದುಕೊಟ್ಟು, ಪತ್ರ ಅವರ ಮಾತಿನಲ್ಲೇ ಬರಲೆಂದು ವಿನಯದಿಂದ ಕೇಳಿಕೊಳ್ಳಿ. ಪತ್ರ ಕಾಲೇಜಿನ ಇಮೇಲ್ ವಿಳಾಸದಿಂದಲೇ ಹೋಗಲಿ.

ಬೆಂಗಳೂರೋ ಹೊರಗೋ ಎಂಬ ಪ್ರಶ್ನೆಯನ್ನು ನೀವು ಈ ವರ್ಷವೇ ಇತ್ಯರ್ಥ ಮಾಡಬೇಕಾಗಿಲ್ಲ. ಹಂಬೋಲ್ಟ್ ಫೆಲೋಶಿಪ್ ಪಿಎಚ್.ಡಿ. ಆದ ನಾಲ್ಕು ವರ್ಷದೊಳಗಿನವರಿಗೆ, ಜೆಎಸ್‌ಪಿಎಸ್ ಆರು ವರ್ಷದೊಳಗಿನವರಿಗೆ, ಮರಿ ಕ್ಯೂರಿ ಎಂಟು ವರ್ಷದೊಳಗಿನವರಿಗೆ ತೆರೆದಿದೆ. ಮರಿ ಕ್ಯೂರಿಯ ಲೆಕ್ಕದಲ್ಲಿ ಮಕ್ಕಳ ಪಾಲನೆಗಾಗಿ ಸಂಶೋಧನೆ ಬಿಟ್ಟ ಅವಧಿಯನ್ನು ಕಳೆಯುತ್ತಾರೆ. ಆ ಫೆಲೋಶಿಪ್‌ಗೆ ಗಡುವಿನ ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸಿಸಿರಬಾರದು ಎಂಬ ನಿಯಮವಿದೆ. ಬೆಂಗಳೂರಿನಲ್ಲಿ ಎರಡು ವರ್ಷ ಕಳೆದರೆ ಅದಕ್ಕೇನೂ ಧಕ್ಕೆಯಿಲ್ಲ. ಮಗ ಆರು ವರ್ಷದವನಾದ ಮೇಲೆ ಮೂವರೂ ಹೊರಡುವುದು ಈಗಿಗಿಂತ ಸುಲಭವೆಂದು ನಿಮಗೆ ಅನ್ನಿಸಿದರೆ, ಆ ಬಾಗಿಲು ಆಗಲೂ ಮುಚ್ಚಿರುವುದಿಲ್ಲ. ಅಮೆರಿಕದ ಬಗ್ಗೆ ಎರಡು ಮಾತು: ಪೋಸ್ಟ್‌ಡಾಕ್‌ಗಳು ಹೆಚ್ಚಾಗಿ ಜೆ-1 ವೀಸಾದ ಮೇಲೆ ಹೋಗುತ್ತಾರೆ, ಅದರಲ್ಲಿ ಪತಿಗೆ ಕುಟುಂಬದವರ ಜೆ-2 ವೀಸಾ ಮೂಲಕ ಕೆಲಸದ ಪರವಾನಗಿಗೆ ಅರ್ಜಿ ಹಾಕುವ ಅವಕಾಶವಿದೆ, 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಕರೆಸಿಕೊಳ್ಳುವವರ ಹೊಸ ಎಚ್-1ಬಿ (ಉದ್ಯೋಗ ವೀಸಾ) ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದ್ದರಿಂದ ಆ ದಾರಿಯನ್ನು ನೆಚ್ಚಿಕೊಳ್ಳಬೇಡಿ.

ನಿಮ್ಮ ವಿಷಯಕ್ಕೆ ನಮ್ಮ ಊರಿನಷ್ಟು ಅನುಕೂಲವಾದ ಊರು ದೇಶದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಐಐಎಸ್‌ಸಿಯ ಮೆಟೀರಿಯಲ್ಸ್ ಮತ್ತು ಮೆಕ್ಯಾನಿಕಲ್ ವಿಭಾಗಗಳಿವೆ. ವಿಮಾನಗಳ ಲೋಹದ ಆಯಸ್ಸನ್ನು ದಶಕಗಳಿಂದ ಅಭ್ಯಸಿಸುತ್ತಿರುವ ಎನ್‌ಎಎಲ್ (ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯ) ಇದೆ, ಅದು ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಪ್ರಯೋಗಾಲಯ. ಸಿಎಸ್‌ಐಆರ್‌ನ ರಿಸರ್ಚ್ ಅಸೋಸಿಯೇಟ್ ಯೋಜನೆಯೂ ನಿಮಗೆ ಒದಗುತ್ತದೆ. ಜೆಟ್ ಇಂಜಿನ್ ಮೇಲೆ ಕೆಲಸ ಮಾಡುವ ಜಿಟಿಆರ್‌ಇಯಂಥ ಡಿಆರ್‌ಡಿಒ ಪ್ರಯೋಗಾಲಯಗಳು ರಿಸರ್ಚ್ ಅಸೋಸಿಯೇಟ್‌ಗಳನ್ನು ನೇರ ಸಂದರ್ಶನದಿಂದ ಆರಿಸುವುದುಂಟು, ಪ್ರಕಟಣೆ ಡಿಆರ್‌ಡಿಒ ತಾಣದಲ್ಲಿ ಬರುತ್ತದೆ. ಇಮೇಲ್‌ಗೆ ಉತ್ತರಿಸದ ಪ್ರಾಧ್ಯಾಪಕರನ್ನು ಸೆಮಿನಾರ್ ಮುಗಿದ ಮೇಲೆ ಐದು ನಿಮಿಷ ಮಾತನಾಡಿಸಬಹುದು ಎಂಬುದು ಇದೇ ಊರಿನಲ್ಲಿರುವವರಿಗೆ ಸಿಗುವ ದೊಡ್ಡ ಸೌಲಭ್ಯ. ಐಐಎಸ್‌ಸಿಯ ಎಷ್ಟೋ ಸೆಮಿನಾರ್‌ಗಳು ಹೊರಗಿನವರಿಗೂ ತೆರೆದಿರುತ್ತವೆ. ಹೋಗಿ, ಒಂದು ಪ್ರಶ್ನೆ ಕೇಳಿ.

ಬೇರೆ ವಿಭಾಗಗಳ ಓದುಗರಿಗೂ ಉಪಯೋಗವಾಗಲೆಂದು ಇಷ್ಟು ಸೇರಿಸುತ್ತೇನೆ: ಗಣಿತದವರು ಮ್ಯಾಥ್‌ಜಾಬ್ಸ್, ಖಗೋಳದವರು ಅಮೆರಿಕನ್ ಆಸ್ಟ್ರನಾಮಿಕಲ್ ಸೊಸೈಟಿಯ ಜಾಬ್ ರಿಜಿಸ್ಟರ್, ಕಣಭೌತಶಾಸ್ತ್ರದವರು ಇನ್‌ಸ್ಪೈರ್ ಎಚ್‌ಇಪಿ ನೋಡಬೇಕು. ಈ ಕ್ಷೇತ್ರಗಳಲ್ಲಿ ಅರ್ಜಿಯ ಋತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಕಣಭೌತಶಾಸ್ತ್ರದ ಸೈದ್ಧಾಂತಿಕ ವಿಭಾಗದಲ್ಲಿ ಮತ್ತು ಖಗೋಳದಲ್ಲಿ ಆಹ್ವಾನ ಒಪ್ಪಿಕೊಳ್ಳಲು ಹಲವು ಸಂಸ್ಥೆಗಳು ಪಾಲಿಸುವ ಸಾಮಾನ್ಯ ದಿನಾಂಕ ರೂಢಿಯಲ್ಲಿದೆ; ಖಗೋಳದಲ್ಲಿ ಅದು ಫೆಬ್ರುವರಿ 15.

ಆಹ್ವಾನ ಬಂದಾಗ ಸಂತೋಷದಲ್ಲಿ ಕೇಳದೆ ಬಿಡುವ ಒಂದು ಪ್ರಶ್ನೆಯನ್ನು ನೀವು ಕೇಳಲೇಬೇಕು: ಈ ಹಣ ಯಾವ ತಿಂಗಳವರೆಗೆ ಇದೆ? ನಾನು ಕೇಳಿರಲಿಲ್ಲ. ಹೊರದೇಶದ ಲ್ಯಾಬೊಂದಕ್ಕೆ ಎರಡು ವರ್ಷವೆಂದು ಭಾವಿಸಿ ಹೋದೆ. ಹನ್ನೊಂದನೆಯ ತಿಂಗಳಿನಲ್ಲಿ ಪ್ರಾಜೆಕ್ಟ್ ಮುಗಿಯಿತೆಂದು ತಿಳಿಸಿದರು. ಆಗ ಮಗಳು ಹುಟ್ಟಿ ಆರು ವಾರವಾಗಿತ್ತು. ಮೊದಲ ಒಪ್ಪಂದ ಎಷ್ಟು ತಿಂಗಳದು, ಮುಂದುವರಿಕೆ ಯಾವುದರ ಮೇಲೆ ನಿಂತಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಆ ಲ್ಯಾಬ್‌ನ ಹಿಂದಿನ ಪೋಸ್ಟ್‌ಡಾಕ್ ಒಬ್ಬರ ಜೊತೆ ಫೋನಿನಲ್ಲಿ ಮಾತನಾಡಿ. ಹುದ್ದೆ ಖಚಿತಪಡಿಸಲು ಹಣ ಕಟ್ಟಿ ಎಂದು ಯಾರಾದರೂ ಕೇಳಿದರೆ ಅದು ಮೋಸ. ಯಾವ ನಿಜವಾದ ಲ್ಯಾಬೂ ಹಾಗೆ ಕೇಳುವುದಿಲ್ಲ.

ವೈವಾ (ಪ್ರಬಂಧದ ಮೌಖಿಕ ಪರೀಕ್ಷೆ) ಆಗುವವರೆಗೆ ಏನೂ ಮಾಡಲಾಗದೆಂದು ಕಾಯಬೇಡಿ. ಪ್ರಾಜೆಕ್ಟ್‌ನ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ ಪಿಎಚ್.ಡಿ. ಅಥವಾ ಎಂ.ಟೆಕ್. ನಂತರ ಮೂರು ವರ್ಷದ ಸಂಶೋಧನಾ ಅನುಭವದ ಜೊತೆಗೆ ಎಸ್‌ಸಿಐ (ಸೈನ್ಸ್ ಸೈಟೇಶನ್ ಇಂಡೆಕ್ಸ್) ಪಟ್ಟಿಯ ಜರ್ನಲ್‌ನಲ್ಲಿ ಕನಿಷ್ಠ ಒಂದು ಪೇಪರ್ ಇದ್ದರೆ ಸಾಕೆಂದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಯಮ ಹೇಳುತ್ತದೆ. ನೀವು ಎಂ.ಟೆಕ್. ಮಾಡಿ ಐದು ವರ್ಷ ಸಂಶೋಧನೆಯಲ್ಲಿದ್ದೀರಿ. ನಿಮ್ಮ ಮೂರು ಪೇಪರ್‌ಗಳಲ್ಲಿ ಒಂದು ಆ ಪಟ್ಟಿಯ ಜರ್ನಲ್‌ನಲ್ಲಿದ್ದರೂ ಪದವಿ ಪ್ರಮಾಣಪತ್ರ ಕೈಗೆ ಬರುವ ಮೊದಲೇ ಅರ್ಜಿ ಹಾಕಲು ಅರ್ಹರು. ಪ್ರಬಂಧ ಸಲ್ಲಿಕೆಯ ಪತ್ರ, ಪೇಪರ್‌ಗಳ ಮೊದಲ ಪುಟಗಳು, ಸಂಶೋಧನಾ ಕೇಂದ್ರದಿಂದ ಪಡೆದ ಅನುಭವ ಪತ್ರ, ಈ ಮೂರನ್ನು ಒಂದು ಕಡತದಲ್ಲಿ ಸಿದ್ಧವಾಗಿಟ್ಟುಕೊಂಡು ಇದೇ ತಿಂಗಳು ಐಐಎಸ್‌ಸಿ ಮತ್ತು ಎನ್‌ಎಎಲ್ ಪ್ರಕಟಣೆಗಳಿಂದ ಶುರು ಮಾಡಿ.